ಎತ್ತಿಕೊಡಬೇಡ

ಸಂತಾಪ ಸಭೆಯಲ್ಲಿ ನನಗೂ ಮೈಕು ಕೊಟ್ಟರು.
ಮೂವತ್ತೊಂದು ವರ್ಷ ಪರದೆಯ ಸಂದಿಯಲ್ಲಿ ಕೂತು
ಅವರಿವರ ಬಾಯಿಗೆ ಮಾತು ಎತ್ತಿಕೊಟ್ಟವನು ನಾನು;
ನನ್ನದೇ ಎಂಬ ಒಂದು ಸಾಲೂ ಹೊರಡಲಿಲ್ಲ.
ಕೈಮುಗಿದು ಇಳಿದೆ.
ಅಲ್ಲಿ ಹೇಳದೆ ಉಳಿದದ್ದು ಇದು:

ಗಂಗುಲಪ್ಪ ಮೇಷ್ಟ್ರು ಶಿಡ್ಲಘಟ್ಟಕ್ಕೆ ವಾಪಸು ಬಂದಾಗ
ಏಪ್ರಿಲ್ ತಿಂಗಳು, ಮೈಮೇಲೆ ಉಣ್ಣೆ ಕೋಟು.
ಬಸ್‌ಸ್ಟ್ಯಾಂಡಿನ ಹುಡುಗರು ಹಿಂದೆ ಬಿದ್ದರು.
ರಷ್ಯಾಕ್ಕೆ ಹೋಗಿದ್ದರಂತೆ ಅಂದಿತು ಊರು;
‘ಜಾರ್ಜಿಯಾ’ ಎಂದು ಕೊನೇತನಕ ತಿದ್ದುತ್ತಲೇ ಇದ್ದರು.
ಅಲ್ಲಿ ನತೇಲಾ ಎಂಬ ಮುದುಕಿ ಮೇಡಂ
ಮೂರು ಚಳಿಗಾಲ ನಾಟಕ ಕಲಿಸಿದರಂತೆ,
ಮೊದಲ ಚಳಿಗಾಲವಿಡೀ ಬಾಗಿಲು ತೆರೆಯುವುದೊಂದನ್ನೇ.
‘ಆ ಊರ ಬೀದೀಲೂ ಹಿಪ್ಪುನೇರಳೆ ಮರ ಕಣಯ್ಯಾ,
ಸೊಪ್ಪು ನೋಡಿದ್ದೇ ಅಳು ಬಂತು.’
ಆ ದೇಶದ ಬಗ್ಗೆ ಅವರು ಹೇಳಿದ್ದು ಅಷ್ಟೇ.

ಸಂಬಳ ಕೊಟ್ಟಿದ್ದು ಹೈಸ್ಕೂಲು, ಸಮಾಜ ಪಾಠಕ್ಕೆ.
ನಾಟಕ ಮಾತ್ರ ಚಾಂದ್ ಪಾಷನ ನೂಲು ಬಿಚ್ಚುವ ಶೆಡ್ಡಿನಲ್ಲಿ,
ಒಲೆ ಆರಿದ ಮೇಲೆ, ರಾತ್ರಿ ಎಂಟಕ್ಕೆ.
ಬೆಂದ ಹುಳುವಿನ ವಾಸನೆ ಗೋಡೆಗೆ, ಗೋಡೆಯಿಂದ ನಮಗೆ.
ಹೊಸಬರು ಮೂಗು ಮುಚ್ಚಿಕೊಂಡರೆ
‘ನಮ್ಮೂರ ಮಲ್ಲಿಗೆ’ ಎನ್ನುತ್ತಿದ್ದರು.

ಬಾಗೇಪಲ್ಲಿಗೆ ವರ್ಗ ಮಾಡಿದರು. ಗುಡಿಬಂಡೆಗೆ ಮಾಡಿದರು.
ಕೊನೇ ಬಸ್ಸಿಗೆ ಬಂದರು, ಮೊದಲ ಬಸ್ಸಿಗೆ ಹೋದರು.
ರಾಜ್ಯ ಪ್ರಶಸ್ತಿಯ ಅರ್ಜಿ ತುಂಬಿಸಿ ಸಹಿಗೆ ಕೊಟ್ಟೆ:
ಹಿಂಬದಿಯಲ್ಲಿ ಬೆಳಕಿನ ನಕ್ಷೆ ಬರೆದು ವಾಪಸು ಕೊಟ್ಟರು.

ಪಾತ್ರಧಾರಿಗಳೆಂದರೆ
ಗೂಡಿನ ಮಾರುಕಟ್ಟೆಯಲ್ಲಿ ಮೂಟೆ ಎತ್ತುವ ಆಂಜಿನಪ್ಪ,
ಚರಕದ ಮುಂದೆ ಬೆರಳ ತುದಿ ಬೆಂದುಹೋದ ಖಮರುನ್ನೀಸಾ.
ಅವನ ಮನೇಲಿ ತೆಲುಗು, ಇವಳದರಲ್ಲಿ ಉರ್ದು,
ಸ್ಟೇಜಿನ ಮೇಲೆ ಎರಡೂ ಬೆರೆತ ಕನ್ನಡ.
‘ರಾಣಿ ಹಿಂಗೆ ಮಾತಾಡ್ತಾಳೇನ್ರೀ?’ ಎಂದರು ಬಿ.ಇ.ಓ. ಸಾಹೇಬರು.
‘ತಾವು ಯಾವಾಗ ಕೇಳಿಸ್ಕೊಂಡ್ರಿ ಸಾರ್?’

ದೇವರಂಥವರು ಎಂದು ಸಭೆಯಲ್ಲಿ ಯಾರೋ ಅಂದರು.
ಹೆಂಡತಿ ಹೆರಿಗೆಯ ದಿನ ತಡವಾಗಿ ಬಂದ ಆಂಜಿನಪ್ಪನಿಗೆ
ಎಲ್ಲರೆದುರು ಕೆನ್ನೆಗೆ ಬಾರಿಸಿದ್ದರು.
ಕ್ಷಮೆ ಕೇಳಲಿಲ್ಲ; ಮುಂದಿನ ನಾಟಕದಲ್ಲಿ ದೊರೆ ಪಾರ್ಟು ಕೊಟ್ಟರು.
ಆಂಜಿನಪ್ಪ ತಗೊಳ್ಳಲಿಲ್ಲ.

ಖಮರುನ್ನೀಸಾಗೆ ವಾರವಿಡೀ ಹೇಳಿದ್ದು ಒಂದೇ:
ಕುದಿನೀರಲ್ಲಿ ಎಳೆ ಹುಡುಕ್ತೀಯಲ್ಲ, ಹಂಗೆ
ಮಾತಿನ ತುದಿ ಹುಡುಕು. ಸಿಗದಿದ್ರೆ ಕಾಯಿ.
ನಾಟಕದ ರಾತ್ರಿ, ಮಗ ಸತ್ತ ಸುದ್ದಿ ಕೇಳಿದ ರಾಣಿ
ನಿಂತಳು. ನಿಂತೇ ಇದ್ದಳು.
ನಾನು ಸಾಲು ಎತ್ತಿಕೊಟ್ಟೆ. ಮತ್ತೆ ಕೊಟ್ಟೆ, ಜೋರಾಗಿ,
ಮುಂದಿನ ಚಾಪೆಯವರು ತಿರುಗಿ ನೋಡುವಷ್ಟು.
ಹಿಂದಿನಿಂದ ಕಾಲರು ಹಿಡಿದರು ಮೇಷ್ಟ್ರು:
‘ಮರೆತಿಲ್ಲ ಕಣೋ ಅವಳು. ಅದೇ ಅವಳ ಮಾತು.
ಎತ್ತಿಕೊಡಬೇಡ.’

ಆ ಕೋಟು ಎಲ್ಲ ನಾಟಕದಲ್ಲೂ ಇತ್ತು,
ಅಮಲ್ದಾರನಾಗಿ, ದೆವ್ವವಾಗಿ, ಒಮ್ಮೆ ಕರಡಿಯಾಗಿ.
ಜೇಬಿನಲ್ಲಿ ಗುಂಡು ಗುಂಡು ಅಕ್ಷರದ ಒಂದು ಚೀಟಿ;
ನಮ್ಮದೇ ಲಿಪಿ ಎಂದುಕೊಂಡು ಓದಲು ಹೋಗಿ ಸೋತೆ.
ಬಿಸಿಲಿಗೆ ಹಾಕುವಾಗ ತೆಗೆದು
ಮತ್ತೆ ಅದೇ ಜೇಬಿಗೆ ಇಡುತ್ತಿದ್ದೆ.

ಕೊನೆಗೆ ಚಿಕ್ಕಬಳ್ಳಾಪುರದ ಆಸ್ಪತ್ರೆ.
ಲಕ್ವ ಹೊಡೆದು ಬಲಗೈ ಹೋಗಿತ್ತು, ಮಾತೂ.
ತುಟಿ ಅಲುಗಿತು. ನನಗೆ ರೂಢಿ, ಬಾಗಿ ಎತ್ತಿಕೊಡತೊಡಗಿದೆ:
ನೀರಾ? ಕಿಟಕಿಯಾ? ಕೋಟಾ? ಯಾರನ್ನಾದರೂ ಕರೀಲಾ?
ಟಿಫನ್ ಡಬ್ಬಿ ಕೆಳಗಿಟ್ಟು ಖಮರುನ್ನೀಸಾ
ನನ್ನ ಮೊಣಕೈ ಹಿಡಿದಳು,
ಆ ಒರಟು ಬೆರಳುಗಳಿಂದ, ಏನೂ ಹೇಳದೆ.

ಮೂವರೂ ಕಾದೆವು.
ಆಮೇಲೆ ನರ್ಸಮ್ಮ ಬಾಗಿಲು ತೆರೆದಳು.
ಮೇಷ್ಟ್ರ ಕಣ್ಣು ಮೆಲ್ಲಗೆ ಅತ್ತ ಹೊರಳಿತು,
ಹೇಗೆ ತೆರೆದಳು ಎಂದು ನೋಡಲು.